ಅಪ್ಪ ಓಡಿಸಿದ ಲಾರಿ ನಿಜಕ್ಕೂ ಬೆಂಜಾ? ಹಾಗೇ, 1996ರ ಬೆಂಜ್ ಕಾರು ತಗೊಳ್ಳಬಹುದಾ?

ದಾವಣಗೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮಪ್ಪ ಲಾರಿ ಡ್ರೈವರ್. 1967ರಲ್ಲಿ ಕ್ಲೀನರ್ ಆಗಿ ಹತ್ತಿದವರು 2004ರಲ್ಲಿ ಸ್ಟೇರಿಂಗ್ ಬಿಟ್ಟರು. ಹತ್ತಿ ಅಂಡಿಗೆ, ಮೆಕ್ಕೆಜೋಳ, ಅಡಿಕೆ, ಸಿಕ್ಕಿದ್ದೆಲ್ಲ ಹೇರಿದ್ದಾರೆ. ನಮ್ಮ ಮನೆಯಲ್ಲಿ ಲಾರಿಯನ್ನು ಲಾರಿ ಅಂದವರೇ ಇಲ್ಲ. "ಬೆಂಜ್ ಎಲ್ಲಿ ನಿಲ್ಸೀರಿ?", "ಬೆಂಜಿಂದು ಪಾಟಾ ಕಟ್ ಆಗೇತಿ", ಹೀಗೇ. ನಾನು ಚಿಕ್ಕವನಿದ್ದಾಗ ಬೆಂಜ್ ಅಂದರೆ ಲಾರಿಯ ಇನ್ನೊಂದು ಹೆಸರು ಅಂತಲೇ ತಿಳಿದಿದ್ದೆ. ಕಾಲೇಜಿಗೆ ಬೆಂಗಳೂರಿಗೆ ಬಂದ ಮೇಲೆ ಅದು ಸಾಹುಕಾರರ ಕಾರು ಅಂತ ಗೊತ್ತಾಯಿತು.

ಈಗ ವಿಷಯ ಏನಂದರೆ, ನನ್ನ ಸಹೋದ್ಯೋಗಿಯ ಮಾವ ತಮ್ಮ 1996ರ ಬೆಂಜ್ ಇ 220 ಕಾರು ಮಾರುತ್ತಿದ್ದಾರೆ. ಒಬ್ಬರೇ ಓಡಿಸಿದ ಗಾಡಿ, ನಾಲ್ಕೂವರೆ ಲಕ್ಷ ಹೇಳುತ್ತಿದ್ದಾರೆ. ಅದಕ್ಕೆ ಇಷ್ಟು ದುಡ್ಡು ಕೊಡುವುದು ಹುಚ್ಚುತನ ಅಂತ ಹೆಂಡತಿ. ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, "ನಾ ಮೂವತ್ತೈದು ವರ್ಷ ಬೆಂಜ್ ಹೊಡ್ದೀನಿ, ನೀ ಈಗ ಒಂದು ತಗಂಡು ಏನ್ ತೋರಿಸ್ತೀಯ?" ಅಂದರು. ಶುರುವಿನಲ್ಲಿ ಲಾರಿಯ ಮೂತಿಯ ಮೇಲೆ ಮೂರು ಕಡ್ಡಿಯ ಬೆಂಜ್ ನಕ್ಷತ್ರ ಇತ್ತು ಅಂತಲೂ ಹೇಳುತ್ತಾರೆ. ನನಗೆ ನೆನಪಿರುವ ಲಾರಿಯಲ್ಲಿ ಇದ್ದದ್ದು ಟಾಟಾದ "ಟಿ". ಅಪ್ಪ ಕಥೆ ಕಟ್ಟುತ್ತಿದ್ದಾರಾ? ಮತ್ತೆ, ಈ ಕಂಪನಿಯ ಮೇಲೆ ಜನರಿಗೆ ಇಷ್ಟು ಮೋಹ ಯಾಕೆ? ಗಾಡಿ ಅಷ್ಟು ಚೆನ್ನಾಗಿದೆಯಾ, ಇಲ್ಲಾ ಬರೀ ಹೆಸರಾ?

ಸುಮ್ನೆ_ಬಂದೆ

ನಿಮ್ಮಪ್ಪ ಗೆದ್ದರು. ಚರ್ಚೆ ಮುಗಿಯಿತು. 😄

ಘಾಟಿ_ಗೇರ್

ಅಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. 1954ರಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದವು. ಹೆಸರೇ "ಟಾಟಾ ಮರ್ಸಿಡಿಸ್-ಬೆಂಜ್". ಮುಂದೆ ಜಾಲರಿಯ ಮೇಲೆ ನಕ್ಷತ್ರ ಇತ್ತು. 15 ವರ್ಷದ ಒಪ್ಪಂದ ಅದು. 1969ರಲ್ಲಿ ಮುಗಿದ ಮೇಲೆ ನಕ್ಷತ್ರ ಹೋಗಿ "ಟಿ" ಬಂತು. ಗಾಡಿ ಮಾತ್ರ ಹೆಚ್ಚು ಕಡಿಮೆ ಅದೇ.

ನಿಮ್ಮಪ್ಪ 67ರಲ್ಲಿ ಕ್ಲೀನರ್ ಆಗಿದ್ದರೆ ನಕ್ಷತ್ರ ಒರೆಸಿದ್ದು ಅವರ ಕೈಯೇ ಇರಬೇಕು. ನೀವು ನೋಡಿದ್ದು ಆಮೇಲಿನ ಟಾಟಾ 1210 ಲಾರಿ. ಇಬ್ಬರೂ ಸರಿ.

ದಾವಣಗೆರೆ_ಹುಡುಗ

ಅಯ್ಯೋ. ಇಷ್ಟು ವರ್ಷ ನಾನು ಅವರನ್ನು ರೇಗಿಸುತ್ತಿದ್ದೆನಲ್ಲ. ಇವತ್ತು ರಾತ್ರಿ ಫೋನ್ ಮಾಡಿ ಸಾರಿ ಕೇಳಬೇಕು.

ಶಿರಸಿ_ಮಾಣಿ

ಲಾರಿ ಹಾಗಿರಲಿ, ನಮ್ಮ ಕಡೆ ಮದುವೆ ದಿಬ್ಬಣ ಹೋಗುವ ಟ್ರ್ಯಾಕ್ಸ್ ಕೂಡ ಅರ್ಧ ಬೆಂಜೇ. ಅದರ ಡೀಸೆಲ್ ಎಂಜಿನ್ ಓಎಂ 616 ಅಂತ. ಜರ್ಮನಿಯಲ್ಲಿ 240 ಡಿ ಕಾರಿಗೆ ಹಾಕಿದ್ದೂ ಅದೇ. ಬಜಾಜ್ ಟೆಂಪೋದವರು (ಈಗಿನ ಫೋರ್ಸ್) ಬೆಂಜ್‌ನಿಂದ ಆ ಎಂಜಿನ್ ತಂದು ಇಲ್ಲಿ ಮಾಡಿದರು. ಟೆಂಪೋ ಟ್ರಾವೆಲರ್ ಇದೆಯಲ್ಲ, ಅದು ಕೂಡ ಬೆಂಜ್‌ನ ಹಳೇ ವ್ಯಾನಿನ ವಿನ್ಯಾಸದ ಮೇಲೆ ಮಾಡಿದ್ದು. ಧರ್ಮಸ್ಥಳಕ್ಕೆ ಟಿಟಿಯಲ್ಲಿ ಹೋಗಿ ವಾಂತಿ ಮಾಡಿದವರೆಲ್ಲ ಬೆಂಜ್ ವಂಶದ ಗಾಡಿಯಲ್ಲೇ ವಾಂತಿ ಮಾಡಿದ್ದು.

ಕ್ರೂಸರ್_ಕಲ್ಲಪ್ಪ

ಏ ಮಾಣಿ, ಖರೇನ ಹೇಳಾಕತ್ತೀರೇನ್ರಿ? ನಮ್ಮ ಬಾಗಲಕೋಟಿ ಕಡೆ ಟ್ರ್ಯಾಕ್ಸ್ ಕ್ರೂಸರ್ ಅಂದ್ರ 9 ಮಂದಿ ಒಳಗ, 6 ಮಂದಿ ಮ್ಯಾಲ, ಇಬ್ಬರು ಹಿಂದ ಜೋತಾಡಕೋತ. ಬೆಂಜ್‌ನಾಗ 17 ಮಂದಿ! ಜರ್ಮನಿಯವರಿಗೆ ಫೋಟೋ ಕಳಸಬೇಕಿತ್ತು.

ಶಿರಸಿ_ಮಾಣಿ

ಖರೇನೇ ಕಲ್ಲಪ್ಪ. ಬೇಕಾದರೆ ಯಾರಾದರೂ ಹಳೇ ಮೆಕ್ಯಾನಿಕ್ ಕೇಳಿ, 616 ಅಂದ ಕೂಡಲೇ ಅವರ ಮುಖ ಅರಳುತ್ತದೆ.

ಹಳೇಗಾಡಿ_ಹುಚ್ಚ

ಆ 240 ಡಿ ಅಂದರೆ ಡಬ್ಲ್ಯು 123 ಸಾಲಿನ ಕಾರು. 1976ರಿಂದ ಸುಮಾರು ಹತ್ತು ವರ್ಷ ಮಾಡಿದರು, ಹತ್ತಿರ ಹತ್ತಿರ 27 ಲಕ್ಷ ಗಾಡಿ. ಜರ್ಮನಿಯಲ್ಲಿ ಟ್ಯಾಕ್ಸಿ, ಮೊರಾಕ್ಕೋದಲ್ಲಿ ಟ್ಯಾಕ್ಸಿ, ಗ್ರೀಸಿನಲ್ಲಿ ಟ್ಯಾಕ್ಸಿ. ಗ್ರೀಸಿನ ಒಬ್ಬ ಚಾಲಕ ಅದಕ್ಕೂ ಹಳೇ 240 ಡಿಯನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಕೊಟ್ಟ. ಎಂಜಿನ್ ಎಷ್ಟೋ ಸಲ ಬದಲಾಗಿತ್ತು, ಆ ಮಾತು ಬೇರೆ. ಆದರೂ 46 ಲಕ್ಷ! ಚಂದ್ರನಿಗೆ ಹೋಗಿ ಬರುವುದು ಐದಾರು ಸಲ ಆಯಿತು.

ಮೋಹ ಯಾಕೆ ಅಂತ ಕೇಳಿದಿರಲ್ಲ, ನನ್ನ ಲೆಕ್ಕದಲ್ಲಿ ಉತ್ತರ ಇಲ್ಲಿದೆ. ನಮ್ಮಲ್ಲಿ ಸಾಹುಕಾರರ ಕಾರು ಅನ್ನುವ ಕಂಪನಿ ಅದರ ಊರಲ್ಲಿ ಟ್ಯಾಕ್ಸಿ, ಲಾರಿ, ಬಸ್ಸು, ಆಂಬುಲೆನ್ಸ್ ಎಲ್ಲ ಮಾಡುತ್ತಾ ಬಂದಿತ್ತು (ಲಾರಿ, ಬಸ್ಸು 2021ರಲ್ಲಿ ಬೇರೆ ಕಂಪನಿಗೆ ಹೋದವು). ಕೂಲಿ ಕೆಲಸಕ್ಕೂ ಆಗಬೇಕು, ರಾಜನ ಸವಾರಿಗೂ ಆಗಬೇಕು. ಹಾಗೆ ಯೋಚಿಸಿ ಮಾಡಿದ ಬಾಗಿಲು ಮುಚ್ಚಿದರೆ ಬರುವ ಸದ್ದೇ ಬೇರೆ.

ಅನುಮಾನ_ಪುಟ್ಟ

ಬಂದರಪ್ಪ ಬಾಗಿಲ ಸದ್ದಿನವರು. ಸಾರ್, ಬಾಗಿಲು ಮುಚ್ಚುವ ಸದ್ದಿಗೆ ಯಾರು ನಾಲ್ಕೂವರೆ ಲಕ್ಷ ಕೊಡುತ್ತಾರೆ? ನಮ್ಮ ಮನೆಯ ಬೀರು ಕೂಡ ಗಟ್ಟಿಯಾಗಿ ಮುಚ್ಚುತ್ತದೆ.

ಹಳೇಗಾಡಿ_ಹುಚ್ಚ

ಬೀರುವಿಗೆ ಗೇರ್ ಇಲ್ಲ ಪುಟ್ಟಣ್ಣ.

ಸ್ಟುಟ್‌ಗಾರ್ಟ್_ಸೊಸೆ

ನಾನು ಏಳು ವರ್ಷದಿಂದ ಜರ್ಮನಿಯಲ್ಲಿ, ಬೆಂಜ್ ಕಂಪನಿಯ ಊರಾದ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ, ಹುಟ್ಟೂರು ಹಾಸನ. ಮೊದಲು ಒಂದು ತಿದ್ದುಪಡಿ: ಇಲ್ಲಿ ಯಾರೂ "ಬೆಂಜ್" ಅನ್ನುವುದಿಲ್ಲ, "ಬೆಂಟ್ಸ್" ಅನ್ನಬೇಕು. ಇನ್ನೂ ತಮಾಷೆ ಎಂದರೆ ಈ ಊರಿನವರು ಬೆಂಟ್ಸ್ ಅಂತಲೂ ಅನ್ನುವುದಿಲ್ಲ, "ಡೈಮ್ಲರ್" ಅನ್ನುತ್ತಾರೆ. ಪಕ್ಕದ ಮನೆ ಅಜ್ಜನನ್ನು ಎಲ್ಲಿ ಕೆಲಸ ಮಾಡುತ್ತಿದ್ದಿರಿ ಅಂದರೆ "ಡೈಮ್ಲರ್ ಹತ್ತಿರ" ಅನ್ನುತ್ತಾರೆ, ನಮ್ಮಲ್ಲಿ "ಗೌಡರ ಹತ್ತಿರ" ಅಂದ ಹಾಗೆ.

ಯಾಕೆಂದರೆ ಇವು ಮೊದಲು ಎರಡು ಬೇರೆ ಬೇರೆ ಕಂಪನಿ ಆಗಿದ್ದವು. ಗಾಟ್ಲೀಬ್ ಡೈಮ್ಲರ್ ಈ ಕಡೆಯವರು, ಶೋರ್ನ್‌ಡಾರ್ಫ್‌ನಲ್ಲಿ ಹುಟ್ಟಿ ಇಲ್ಲೇ ಕಾನ್‌ಸ್ಟಾಟ್‌ನಲ್ಲಿ ತಮ್ಮ ಮನೆಯ ತೋಟದ ಗಾಜಿನ ಕೋಣೆಯಲ್ಲಿ ವಿಲ್ಹೆಲ್ಮ್ ಮೈಬಾಖ್ ಜೊತೆ ಸೇರಿ ಎಂಜಿನ್ ಮಾಡಿದರು. ಒಳಗೆ ಖೋಟಾ ನೋಟು ಅಚ್ಚು ಹಾಕುತ್ತಿದ್ದಾರೆ ಅಂತ ಅನುಮಾನ ಬಂದು ಪೊಲೀಸರು ನುಗ್ಗಿದ್ದರು ಎಂಬ ಕಥೆ ಇಲ್ಲಿ ಈಗಲೂ ಹೇಳುತ್ತಾರೆ. ಕಾರ್ಲ್ ಬೆಂಟ್ಸ್ ಇದ್ದದ್ದು ಮ್ಯಾನ್‌ಹೈಮ್‌ನಲ್ಲಿ, ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಇಬ್ಬರೂ 1886ರಲ್ಲೇ ಗಾಡಿ ಮಾಡಿದರು, ಆದರೆ ಒಂದು ದಿನವೂ ಜೊತೆಗೆ ಕೆಲಸ ಮಾಡಲಿಲ್ಲ. ಡೈಮ್ಲರ್ 1900ರಲ್ಲಿ ತೀರಿಹೋದರು. ಕಂಪನಿಗಳು ಒಂದಾದದ್ದು 1926ರಲ್ಲಿ, ಅದೂ ಪ್ರೀತಿಯಿಂದಲ್ಲ. ಮೊದಲ ಮಹಾಯುದ್ಧದ ನಂತರ ದುಡ್ಡಿಲ್ಲದೆ. ಡೈಮ್ಲರ್ ಕಡೆಯ ನಕ್ಷತ್ರ, ಬೆಂಟ್ಸ್ ಕಡೆಯ ಎಲೆ ಹಾರ, ಎರಡನ್ನೂ ಸೇರಿಸಿ ಚಿಹ್ನೆ ಮಾಡಿದರು. ನಮ್ಮಲ್ಲಿ ಲಗ್ನಪತ್ರಿಕೆಯಲ್ಲಿ ಎರಡೂ ಮನೆ ದೇವರ ಹೆಸರು ಹಾಕುವ ಹಾಗೆ.

ಕ್ರೂಸರ್_ಕಲ್ಲಪ್ಪ

ಬೆಂಟ್ಸ್ ಅಂದ್ರ ನಮ್ಮೂರಾಗ ಯಾರಿಗೂ ತಿಳಿಯಂಗಿಲ್ರಿ ಅಕ್ಕಾರ. ಬೆಂಜ್ ಅಂದ್ರನ ಗಾಡಿಗೆ ತೂಕ ಬರೋದು.

ಮಾತಿನ_ಮಲ್ಲಿ

ಎಲ್ಲಾ ಗಂಡಸರ ಹೆಸರೇ ಬರುತ್ತಿದೆ, ಬರ್ಥಾ ಬೆಂಜ್ ಎಲ್ಲಿ?

ಗೊತ್ತಿಲ್ಲದವರಿಗೆ: ಕಾರ್ಲ್ ಬೆಂಜ್ 29 ಜನವರಿ 1886ರಂದು ಮೂರು ಚಕ್ರದ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಮುಕ್ಕಾಲು ಅಶ್ವಶಕ್ತಿಯ ಎಂಜಿನ್. ಆದರೆ ಮಹಾಶಯ ಅದನ್ನು ಬೀದಿಗೆ ತಂದು ಮಾರಲು ಹಿಂಜರಿಯುತ್ತಾ, ಇನ್ನೂ ಸರಿಮಾಡಬೇಕು ಅಂತ ಕೂತ. ಅವನ ಕಾರ್ಖಾನೆಗೆ ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆ ದುಡ್ಡು ಹಾಕಿದವಳು ಬರ್ಥಾ. 1888ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಗಂಡನಿಗೆ ಹೇಳದೆ ಇಬ್ಬರು ಗಂಡು ಮಕ್ಕಳನ್ನು ಕೂರಿಸಿಕೊಂಡು ತವರಿಗೆ ಹೊರಟಳು. ಮ್ಯಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್, ನೂರು ಕಿಲೋಮೀಟರ್‌ಗೂ ಜಾಸ್ತಿ. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ವೀಸ್‌ಲಾಖ್ ಅನ್ನುವ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯುವ ಎಣ್ಣೆ ಕೊಂಡು ಹಾಕಿದಳು. ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ವೈರಿಗೆ ಕಾಲುಚೀಲದ ಪಟ್ಟಿ ಸುತ್ತಿದಳು, ಬ್ರೇಕ್ ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಏರಿನಲ್ಲಿ ಮಕ್ಕಳು ಇಳಿದು ನೂಕಿದರು. ಆ ಏರಿನ ಕಷ್ಟ ಕೇಳಿದ ಮೇಲೆಯೇ ಗಂಡ ಇನ್ನೊಂದು ಗೇರ್ ಸೇರಿಸಿದ್ದು.

ಮೊದಲ ಲಾಂಗ್ ಡ್ರೈವ್, ಮೊದಲ ರಿಪೇರಿ, ಬ್ರೇಕಿಗೆ ಮೊದಲ ಲೈನಿಂಗ್, ಎಲ್ಲ ಹೆಂಗಸಿನದ್ದು. ಇವತ್ತಿಗೂ ನಾನು ಕ್ಲಚ್ ಬಿಟ್ಟರೆ ಪಕ್ಕದಲ್ಲಿ ಕೂತ ಭಾವ "ನಿಧಾನ, ನಿಧಾನ" ಅನ್ನುತ್ತಾರೆ.

ಘಾಟಿ_ಗೇರ್

ಮಲ್ಲಿ ಅಕ್ಕ, ನಿಮ್ಮ ಭಾವನಿಗೆ ಈ ಕಥೆ ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ.

ಅನುಮಾನ_ಪುಟ್ಟ

ಸರಿ, ಬೆಂಜ್ ಮೊದಲ ಕಾರು ಅಂತ ಎಲ್ಲರೂ ಒಪ್ಪಿಬಿಟ್ಟಿರಾ? ಫ್ರಾನ್ಸಿನ ಕ್ಯೂನ್ಯೋ 1769ರಲ್ಲೇ ಉಗಿಬಂಡಿ ಓಡಿಸಿದ್ದ. ವಿಯೆನ್ನಾದಲ್ಲಿ ಸೀಗ್‌ಫ್ರೀಡ್ ಮಾರ್ಕಸ್ ಅಂತ ಒಬ್ಬ ಪೆಟ್ರೋಲ್ ಗಾಡಿ ಮಾಡಿದ್ದ. ಅವನು ಯಹೂದಿ ಅಂತ 1940ರಲ್ಲಿ ನಾಜಿ ಸರ್ಕಾರ ವಿಶ್ವಕೋಶಗಳಿಂದ ಅವನ ಹೆಸರು ತೆಗೆದು ಡೈಮ್ಲರ್, ಬೆಂಜ್ ಹೆಸರು ಹಾಕಿ ಅಂತ ಆದೇಶ ಕೊಟ್ಟಿತ್ತು. ಇತಿಹಾಸ ಬರೆಸಿದವರು ಯಾರು ನೋಡಿ.

ಇತಿಹಾಸ_ಮೇಷ್ಟ್ರು

ಪುಟ್ಟ ಹೇಳಿದ ಆದೇಶದ ಮಾತು ನಿಜ. ಆದರೆ ಮಾರ್ಕಸ್‌ನ ಹೆಸರಾದ ಎರಡನೇ ಗಾಡಿ 1875ರದ್ದು ಅಂತ ಹಿಂದೆ ನಂಬಿದ್ದರು, ಆಮೇಲೆ ನೋಡಿದರೆ ಅದು 1888ರ ಹೊತ್ತಿನದ್ದು. ಅವನ ಮೊದಲಿನದ್ದು ತಳ್ಳುಗಾಡಿಗೆ ಎಂಜಿನ್ ಕಟ್ಟಿದ ಹಾಗೆ ಇತ್ತು. ಹಾಗಾಗಿ ಬೆಂಜ್ ಪಾಲಿಗೆ ಬರಬೇಕಾದದ್ದು ಬಂದಿದೆ. ಮಾರ್ಕಸ್‌ಗೆ ಆದ ಅನ್ಯಾಯವೂ ನಿಜ.

ಇದೇ ಮಾತು ಬಂದಿದ್ದಕ್ಕೆ ಹೇಳುತ್ತೇನೆ. "ಮರ್ಸಿಡಿಸ್" ಹೆಸರು ಎಲ್ಲಿಂದ ಬಂತು ಗೊತ್ತಾ? ಎಮಿಲ್ ಯೆಲಿನೆಕ್ ಅಂತ ಆಸ್ಟ್ರಿಯಾದ ವ್ಯಾಪಾರಿ, ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಶ್ರೀಮಂತರಿಗೆ ಡೈಮ್ಲರ್ ಕಾರು ಮಾರುತ್ತಿದ್ದ. ಮಹಾ ಜೋರಿನ ಆಸಾಮಿ. ನಿಮ್ಮ ಗಾಡಿ ಎತ್ತರ ಜಾಸ್ತಿ, ಉರುಳುತ್ತದೆ, ಶಕ್ತಿ ಸಾಲದು ಅಂತ ಕಾಗದದ ಮೇಲೆ ಕಾಗದ ಬರೆದು ಕಂಪನಿಯ ಪ್ರಾಣ ತಿಂದ. 1900ರಲ್ಲಿ ಒಂದೇ ಸಲ 36 ಕಾರಿಗೆ ಆರ್ಡರ್ ಕೊಟ್ಟು, ಹೊಸ ಎಂಜಿನ್‌ಗೆ ನನ್ನ ಮಗಳ ಹೆಸರು ಇಡಬೇಕು ಅಂತ ಪಟ್ಟು ಹಿಡಿದ. ಮಗಳ ಹೆಸರು ಮರ್ಸಿಡಿಸ್, ಆಗ ಹತ್ತು ವರ್ಷ. ಮೈಬಾಖ್ ಮಾಡಿಕೊಟ್ಟ 35 ಅಶ್ವಶಕ್ತಿಯ ಆ ಕಾರು 1901ರಲ್ಲಿ ನೀಸ್‌ನ ರೇಸಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ತಗ್ಗಾದ, ಉದ್ದನೆಯ ಮೈ, ಮುಂದೆ ಜೇನುಗೂಡಿನಂಥ ರೇಡಿಯೇಟರ್. ಅಲ್ಲಿಯವರೆಗೆ ಕಾರು ಅಂದರೆ ಕುದುರೆ ಬಿಚ್ಚಿದ ಸಾರೋಟು. ನಾವು ಇವತ್ತು ಕಾರು ಅನ್ನುವ ಆಕಾರ ಅಲ್ಲಿಂದ ಬಂತು. 1903ರಲ್ಲಿ ಅಪ್ಪ ತನ್ನ ಹೆಸರನ್ನೇ ಯೆಲಿನೆಕ್-ಮರ್ಸಿಡಿಸ್ ಅಂತ ಬದಲಿಸಿಕೊಂಡ. ಮಗಳ ಹೆಸರನ್ನು ಅಪ್ಪ ಇಟ್ಟುಕೊಂಡದ್ದು ಬೇರೆಲ್ಲಾದರೂ ಇದೆಯಾ?

ಈ ಯೆಲಿನೆಕ್‌ನ ಅಪ್ಪ ವಿಯೆನ್ನಾದ ಯಹೂದಿ ಧರ್ಮಗುರು. ಅಂದರೆ ಹಿಟ್ಲರ್ ನಿಂತು ಕೈ ಎತ್ತುತ್ತಿದ್ದ ಆ ದೊಡ್ಡ ತೆರೆದ ಕಾರಿನ ಮೇಲೆ ಇದ್ದದ್ದು ಒಬ್ಬ ಯಹೂದಿ ಧರ್ಮಗುರುವಿನ ಮೊಮ್ಮಗಳ ಹೆಸರು.

ಸ್ಟುಟ್‌ಗಾರ್ಟ್_ಸೊಸೆ

ಮೇಷ್ಟ್ರೇ, ಮ್ಯೂಸಿಯಂನಲ್ಲಿ ಆ ಕಾಲದ ಭಾಗವನ್ನೂ ತೋರಿಸುತ್ತಾರೆ, ಮುಚ್ಚಿಟ್ಟಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಂಪನಿ ವಿಮಾನದ ಎಂಜಿನ್, ಸೇನೆಯ ಲಾರಿ ಮಾಡುತ್ತಿತ್ತು. 1944ರ ಹೊತ್ತಿಗೆ ಕೆಲಸಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬಲವಂತಕ್ಕೆ ತಂದವರು, ಯುದ್ಧಕೈದಿಗಳು, ಸೆರೆ ಶಿಬಿರದವರು. 1988ರಲ್ಲಿ ಕಂಪನಿ 2 ಕೋಟಿ ಮಾರ್ಕ್ ಕೊಟ್ಟಿತು. ಕೊಟ್ಟದ್ದು ಸಾಕಾ ಅಂದರೆ, ಸಾಲದು ಅಂತ ನನ್ನ ಅನಿಸಿಕೆ. ನಮ್ಮ ಬೀದಿಯ ಅಜ್ಜಂದಿರು ಡೈಮ್ಲರ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಮಾತು ಬಂದರೆ ಮಾತ್ರ ಟೀ ತಣ್ಣಗಾಯಿತು ಅನ್ನುತ್ತಾರೆ.

ಬಿಮ್ಮರ್_ಬಸ್ಯಾ

ಎಲ್ಲಾ ಸರಿ, ಆದರೆ ಓಡಿಸುವವನಿಗೆ ಬಿಎಂಡಬ್ಲ್ಯು, ಹಿಂದೆ ಕೂತು ಪೇಪರ್ ಓದುವವನಿಗೆ ಬೆಂಜ್. ಹೇಳಿದೆ, ಓಡಿದೆ.

ಹಳೇಗಾಡಿ_ಹುಚ್ಚ

ಓಡಬೇಡ ಬಸ್ಯಾ, ನಿಲ್ಲು. ನಿನ್ನ ಬಿಎಂಡಬ್ಲ್ಯು 1959ರಲ್ಲಿ ಬೆಂಜ್ ಪಾಲಾಗುವುದರಲ್ಲಿತ್ತು. ದುಬಾರಿ ಕಾರು ಒಂದು ಕಡೆ, ಇಸೆಟ್ಟಾ ಅನ್ನುವ ಮೊಟ್ಟೆ ಗಾಡಿ ಇನ್ನೊಂದು ಕಡೆ, ನಡುವೆ ಏನೂ ಇಲ್ಲದೆ ಮುಳುಗುತ್ತಿತ್ತು. 9 ಡಿಸೆಂಬರ್ 1959ರಂದು ಮ್ಯೂನಿಕ್‌ನಲ್ಲಿ ಷೇರುದಾರರ ಸಭೆ. ಬೆಂಜ್‌ಗೆ ಒಪ್ಪಿಸುವ ಯೋಜನೆ ಮೇಜಿನ ಮೇಲಿತ್ತು. ಸಣ್ಣ ಷೇರುದಾರರು, ಡೀಲರ್‌ಗಳು ಗಲಾಟೆ ಎಬ್ಬಿಸಿ, ಲೆಕ್ಕದಲ್ಲಿ ತಪ್ಪು ತೋರಿಸಿ ಸಭೆ ಮುಂದೂಡಿಸಿದರು. ಆಮೇಲೆ ಹೆರ್ಬರ್ಟ್ ಕ್ವಾಂಟ್ ಎಂಬ ಉದ್ಯಮಿ ದುಡ್ಡು ಹಾಕಿ ಉಳಿಸಿದ. ಅವತ್ತು ಯಾರಾದರೂ ಬೇಗ ಊಟಕ್ಕೆ ಎದ್ದಿದ್ದರೆ ನಿನ್ನ ಐಡಿ "ಬೆಂಜ್_ಬಸ್ಯಾ" ಆಗಿರುತ್ತಿತ್ತು.

ಬಿಮ್ಮರ್_ಬಸ್ಯಾ

ಆದರೂ ನಮ್ಮದು ವಿಮಾನದ ಎಂಜಿನ್ ಕಂಪನಿ, ಚಿಹ್ನೆ ನೋಡಿದರೇ ತಿರುಗುವ ಪ್ರೊಪೆಲ್ಲರ್. ಅದರ ಖದರೇ ಬೇರೆ.

ಸ್ಟುಟ್‌ಗಾರ್ಟ್_ಸೊಸೆ

ಎಂಜಿನ್ ಮಾಡುತ್ತಿದ್ದದ್ದು ನಿಜ, ಚಿಹ್ನೆ ಪ್ರೊಪೆಲ್ಲರ್ ಅಲ್ಲ. ನೀಲಿ-ಬಿಳಿ ಬವೇರಿಯಾ ರಾಜ್ಯದ ಬಣ್ಣ. 1929ರ ಒಂದು ಜಾಹೀರಾತಿನಲ್ಲಿ ವಿಮಾನದ ಮುಂದೆ ಚಿಹ್ನೆ ತಿರುಗುವ ಹಾಗೆ ಬರೆದರು, ಅಲ್ಲಿಂದ ಕಥೆ ಹುಟ್ಟಿತು.

ಬಿಮ್ಮರ್_ಬಸ್ಯಾ

ಇವತ್ತು ಎದ್ದ ಗಳಿಗೆ ಸರಿಯಿಲ್ಲ.

ಸುಮ್ನೆ_ಬಂದೆ

ಆಡಿಯವರು ಯಾರೂ ಇಲ್ವಾ, ಅವರನ್ನೂ ಬಾರಿಸೋಣ.

ಹಳೇಗಾಡಿ_ಹುಚ್ಚ

ಆಡಿಯನ್ನು ಬಾರಿಸುವುದು ಬೇಡ, ಪಾಪ. ಅದರ ಹಿಂದಿನ ಆಟೋ ಯೂನಿಯನ್ ಕಂಪನಿಯನ್ನು 1958ರಲ್ಲಿ ಬೆಂಜ್ ನಿಜವಾಗಿಯೂ ಕೊಂಡಿತ್ತು. ಕೆಲವು ವರ್ಷ ಇಟ್ಟುಕೊಂಡು ಫೋಕ್ಸ್‌ವ್ಯಾಗನ್‌ಗೆ ಮಾರಿತು. ಈಗ ಅದೇ ಎದುರಾಳಿ. ಬೆಂಜ್‌ನವರೂ ಲೆಕ್ಕ ತಪ್ಪುತ್ತಾರೆ.

ರಾಯಚೂರ್_ರಾಕೆಟ್

ಬೆಂಜ್ ಅಂದರೆ ಸುರಕ್ಷತೆ. ಸೀಟ್ ಬೆಲ್ಟ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದ ವ್ಯವಸ್ಥೆ) ಎಲ್ಲಾ ಅವರೇ ಕಂಡುಹಿಡಿದದ್ದು. ಅದಕ್ಕೇ ದುಡ್ಡು ಕೊಡುವುದು.

ಅನುಮಾನ_ಪುಟ್ಟ

ಸೀಟ್ ಬೆಲ್ಟ್ ವೋಲ್ವೋದವರದ್ದು ಗುರುವೇ! ಈಗ ನಾವು ಹಾಕುವ ಮೂರು ಬಿಂದುವಿನ ಬೆಲ್ಟ್ 1959ರಲ್ಲಿ ವೋಲ್ವೋದ ನೀಲ್ಸ್ ಬೊಹ್ಲಿನ್ ಮಾಡಿದ್ದು, ಪೇಟೆಂಟನ್ನು ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಎಬಿಎಸ್ ಬೆಂಜ್ ಒಂದೇ ಮಾಡಿದ್ದಲ್ಲ, ಬಾಷ್ ಜೊತೆ ಸೇರಿ.

ಹಳೇಗಾಡಿ_ಹುಚ್ಚ

ಪುಟ್ಟ ಹೇಳಿದ್ದು ಸರಿ. 1978ರಲ್ಲಿ ಬೆಂಜ್‌ನ ದೊಡ್ಡ ಕಾರು ಎಸ್ ಕ್ಲಾಸ್‌ಗೆ ಎಬಿಎಸ್ ಬಂತು, ಬಾಷ್ ಜೊತೆ. ಆದರೆ ಬೆಂಜ್‌ನ ದೊಡ್ಡ ಕಾಣಿಕೆ ಹೊರಗೆ ಕಾಣುವುದಿಲ್ಲ. ಬೇಲಾ ಬಾರೆನ್ಯಿ ಅಂತ ಅವರ ಎಂಜಿನಿಯರ್. ಆಗ ಎಲ್ಲರೂ, ಕಾರು ಬಂಡೆಯ ಹಾಗೆ ಗಟ್ಟಿಯಾಗಿದ್ದರೆ ಒಳಗಿನವರು ಉಳಿಯುತ್ತಾರೆ ಅಂದುಕೊಂಡಿದ್ದರು. ಇವನು ಉಲ್ಟಾ ಹೇಳಿದ. ಮುಂದೆ, ಹಿಂದೆ ನುಜ್ಜುಗುಜ್ಜಾಗಬೇಕು, ಪೆಟ್ಟನ್ನು ಅದು ತಿನ್ನಬೇಕು, ನಡುವಿನ ಕೋಣೆ ಮಾತ್ರ ಗಟ್ಟಿ ಇರಬೇಕು ಅಂತ. 1959ರಲ್ಲಿ ಬಾಲದ ರೆಕ್ಕೆಯ ಕಾರಿನಲ್ಲಿ ಅದು ಬಂತು. ಇವತ್ತು ಎಲ್ಲ ಕಾರೂ ಹಾಗೇ. ಆದರೂ ನಮ್ಮಲ್ಲಿ ಅಪಘಾತದ ಫೋಟೋ ನೋಡಿ "ಬಾನೆಟ್ ಹಪ್ಪಳ ಆಗಿದೆ, ತಗಡು ಗಾಡಿ" ಅನ್ನುತ್ತೇವೆ. ಹಪ್ಪಳ ಆಗಲೆಂದೇ ಮಾಡಿದ್ದು ಮಾರಾಯರೆ.

ಕ್ರೂಸರ್_ಕಲ್ಲಪ್ಪ

ಹಪ್ಪಳ ಅಂದ ಕೂಡಲೇ ಹಸಿವು ಆತು. ಶೇಂಗಾ ಚಟ್ನಿ, ಖಡಕ್ ರೊಟ್ಟಿ. ಊಟ ಮಾಡಿ ಬರ್ತೀನಿ, ಅಲ್ಲೀತನಕ ಜಗಳ ಮುಗಿಸಬ್ಯಾಡ್ರಿ.

ಅನುಮಾನ_ಪುಟ್ಟ

ಮತ್ತೆ 1997ರಲ್ಲಿ ಅವರ ಎ ಕ್ಲಾಸ್ ಸ್ವೀಡನ್ನಿನ ಪತ್ರಿಕೆಯವರ ಪರೀಕ್ಷೆಯಲ್ಲಿ ಉರುಳಿ ಬಿತ್ತಲ್ಲ, ಅದನ್ನೂ ಹೇಳಿ. ರಸ್ತೆಗೆ ಕಾಡುಪ್ರಾಣಿ ಅಡ್ಡ ಬಂದರೆ ತಪ್ಪಿಸುವ ಪರೀಕ್ಷೆ ಅದು. ಡೀಸೆಲ್ ಹೊಗೆ ವಿಚಾರದಲ್ಲಿ 2020ರಲ್ಲಿ ಅಮೆರಿಕದಲ್ಲಿ ನೂರೈವತ್ತು ಕೋಟಿ ಡಾಲರ್ ಕಟ್ಟಲು ಒಪ್ಪಿದ್ದು, ಕ್ರೈಸ್ಲರ್ ಜೊತೆ 1998ರಲ್ಲಿ ಮದುವೆಯಾಗಿ 2007ರಲ್ಲಿ ಸೋಡಚೀಟಿ ಬರೆದದ್ದು. ಇದೂ ಇತಿಹಾಸವೇ ಅಲ್ವಾ?

ಹಳೇಗಾಡಿ_ಹುಚ್ಚ

ಅಲ್ಲ ಅಂದವರು ಯಾರು? ಎ ಕ್ಲಾಸ್ ಉರುಳಿದ್ದಕ್ಕೇ ಜಾರದಂತೆ ತಡೆಯುವ ಇಎಸ್‌ಪಿಯನ್ನು ಆ ಸಣ್ಣ ಕಾರಿಗೂ ಹಾಕಬೇಕಾಯಿತು. ಅಲ್ಲಿಯವರೆಗೆ ಅದು ದೊಡ್ಡವರ ಗಾಡಿಗೆ ಮಾತ್ರ. ತೊಂಬತ್ತರ ಕೊನೆಯಲ್ಲಿ ಗುಣಮಟ್ಟ ಇಳಿಯಿತು, ತುಕ್ಕು ಹಿಡಿದ ಇ ಕ್ಲಾಸ್‌ಗಳು ಯುರೋಪಿನಲ್ಲಿ ಕುಖ್ಯಾತ. ಅದಕ್ಕೇ ಜನ ಅದರ ಹಿಂದಿನ ಡಬ್ಲ್ಯು 124 ಸಾಲಿನ ಕಾರಿಗೆ ಮುಗಿಬೀಳುವುದು. ಈ ಹುಡುಗ ನೋಡುತ್ತಿರುವುದೂ ಅದೇ.

ವೈಟ್‌ಫೀಲ್ಡ್_ವಲಸಿಗ

ನಾನು ಕೆಲವು ವರ್ಷ ಬೆಂಜ್ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ ಇದ್ದೆ. 1996ರಲ್ಲಿ ಶುರುವಾದದ್ದು. ಜರ್ಮನಿಯ ಹೊರಗೆ ಅವರ ಸಂಶೋಧನೆಯ ಅತಿ ದೊಡ್ಡ ಕೇಂದ್ರ ಇದೇ. ಹೊಸ ಎಸ್ ಕ್ಲಾಸ್ ಒಳಗೆ ನಮ್ಮ ಹುಡುಗರು ಬರೆದ ಕೋಡ್ ಎಷ್ಟಿದೆಯೋ. ಆದರೆ ಬರೆದವರು ಮನೆಗೆ ಹೋಗುವುದು ಬಿಎಂಟಿಸಿಯಲ್ಲಿ, ಅದೂ ಸಿಲ್ಕ್ ಬೋರ್ಡ್‌ನಲ್ಲಿ ನಿಂತುಕೊಂಡು.

ಇತಿಹಾಸ_ಮೇಷ್ಟ್ರು

ಆ ಕಡೆಗೂ ನಮಗೂ ನಂಟು ಹಳೇದು. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು 1843ರಲ್ಲಿ ತಂದ ಹೆರ್ಮನ್ ಮೋಗ್ಲಿಂಗ್ ಸ್ಟುಟ್‌ಗಾರ್ಟ್ ಇರುವ ವುರ್ಟೆಂಬರ್ಗ್ ಸೀಮೆಯವರು. ನಿಘಂಟು ಮಾಡಿದ ಕಿಟೆಲ್ ಉತ್ತರ ಜರ್ಮನಿಯವರಾದರೂ ಕೊನೆಗಾಲ ಕಳೆದದ್ದು ಸ್ಟುಟ್‌ಗಾರ್ಟ್ ಪಕ್ಕದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ ಅಲ್ಲೇ ತೀರಿಕೊಂಡರು. ಕಿಟೆಲ್ ಕೊನೆಗಾಲದಲ್ಲಿ ಟ್ಯೂಬಿಂಗನ್ ಬೀದಿಯಲ್ಲಿ ಕುದುರೆಯಿಲ್ಲದ ಗಾಡಿ ನೋಡಿದ್ದರೆ ಅದಕ್ಕೆ ಕನ್ನಡದಲ್ಲಿ ಏನು ಹೆಸರಿಡುತ್ತಿದ್ದರೋ ಅಂತ ನನಗೆ ಆಗಾಗ ಅನಿಸುತ್ತದೆ.

ಮಾತಿನ_ಮಲ್ಲಿ

"ತಾನೋಡು ಬಂಡಿ" 😂

ಅಡ್ಮಿನ್

ಸ್ನೇಹಿತರೇ, ನಿಘಂಟು, ಹಪ್ಪಳ, ಸಿಲ್ಕ್ ಬೋರ್ಡ್‌ಗೆ ಬೇರೆ ಎಳೆ ಇದೆ. ಪಾಪ ಆ ಹುಡುಗ ಕಾರು ತಗೊಳ್ಳಬಹುದಾ ಅಂತ ಕೇಳಿದ್ದ, ಯಾರಾದರೂ ಹೇಳಿ.

ಗ್ಯಾರೇಜ್_ಗಣಿ

ನಾನು ಹೇಳುತ್ತೇನೆ. ಮೂವತ್ತು ವರ್ಷದಿಂದ ಕೈಗೆ ಗ್ರೀಸ್.

1995ರಲ್ಲಿ ಬೆಂಜ್ ಇಲ್ಲಿ ಕಾರು ಶುರು ಮಾಡಿದ್ದು ಪುಣೆಯಲ್ಲಿ, ಟಾಟಾದವರ ಕಾರ್ಖಾನೆಯಲ್ಲಿ. ನೋಡಿ, ಮತ್ತೆ ಅದೇ ಟಾಟಾ. ಇಲ್ಲಿ ಇ 220 ಪೆಟ್ರೋಲ್ ಮತ್ತು ಇ 250 ಡೀಸೆಲ್ ಬಂದವು. ಅದೇ ವರ್ಷ ಯುರೋಪಿನಲ್ಲಿ ಇದರ ಮುಂದಿನ ಮಾದರಿ ಬಂತು, "ಹಳೇದನ್ನು ನಮಗೆ ಅಂಟಿಸುತ್ತಿದ್ದಾರೆ" ಅಂತ ಇಲ್ಲಿನ ಸಾಹುಕಾರರು ಮುನಿಸಿಕೊಂಡರು. ಈಗ ನೋಡಿದರೆ ಆ ಹಳೇದೇ ಒಳ್ಳೇದು.

ನೋಡಬೇಕಾದದ್ದು: ಮೊದಲು ಎಂಜಿನ್ ವೈರಿಂಗ್ ಹಾರ್ನೆಸ್, ಅಂದರೆ ಎಂಜಿನ್ ವೈರುಗಳ ಕಟ್ಟು. ತೊಂಬತ್ತರ ದಶಕದ ಮಧ್ಯದ ಈ ಗಾಡಿಗಳಲ್ಲಿ ವೈರಿನ ಮೇಲಿನ ಹೊದಿಕೆ ಬಿಸಿಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಬದಲಿಸಿದ್ದಾರಾ ಕೇಳಿ, ಬಿಲ್ ನೋಡಿ. ಎರಡು, ಜಾಕ್ ಹಾಕುವ ಜಾಗದ ಪ್ಲಾಸ್ಟಿಕ್ ಮುಚ್ಚಳ ತೆಗೆದು ತುಕ್ಕು ನೋಡಿ, ಮುಂದಿನ ಮಡ್‌ಗಾರ್ಡ್ ಒಳಗೂ. ಮೂರು, ಎಸಿ. ಕೂಲಿಂಗ್ ಕಾಯಿಲ್ ಹೋಗಿದ್ದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಬರೀ ಕೂಲಿಯೇ ತಲೆ ತಿರುಗಿಸುತ್ತದೆ. ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಅದು ಆಗಿದೆಯಾ, ಎಲ್ಲಿಯವರೆಗೆ ಇದೆ, ನೋಡಿಕೊಳ್ಳಿ.

ಇವೆಲ್ಲ ಸರಿ ಇದ್ದರೆ ನಾಲ್ಕೂವರೆಗೆ ಬೇಡ, ಮೂರೂವರೆಗೆ ಕೇಳಿ. ಮತ್ತೆ, ಕೊಂಡ ದಿನವೇ ಒಂದು ಲಕ್ಷ ಪಕ್ಕಕ್ಕೆ ಇಟ್ಟುಬಿಡಿ. ದೇವರ ಹುಂಡಿಗೆ ಹಾಕಿದೆ ಅಂದುಕೊಳ್ಳಿ.

ಅನುಮಾನ_ಪುಟ್ಟ

ಗಣಿ ಹೇಳಿದ್ದೇ ಸರಿ. ನಾನೂ ಒಂದು ವಿದೇಶಿ ಕಾರು ಹಳೇದು ಕೊಂಡಿದ್ದೆ, ಯಾವುದು ಅಂತ ಹೇಳುವುದಿಲ್ಲ. ಒಂದು ಹೆಡ್‌ಲೈಟಿಗೆ ಹೇಳಿದ ರೇಟಿನಲ್ಲಿ ನಮ್ಮ ಮಾವ ಒಂದು ಎಮ್ಮೆ ಕೊಂಡರು. ಎಮ್ಮೆ ಇನ್ನೂ ಹಾಲು ಕೊಡುತ್ತಿದೆ. ಕಾರು ಗುಜರಿಗೆ ಹೋಯಿತು.

ಮಾತಿನ_ಮಲ್ಲಿ

ಓಹೋ, ಇಷ್ಟು ಹೊತ್ತಿನ ಸಿಟ್ಟಿನ ಮೂಲ ಈಗ ಗೊತ್ತಾಯಿತು.

ದಾವಣಗೆರೆ_ಹುಡುಗ

ಕ್ಷಮಿಸಿ, ಹದಿನೈದು ದಿನ ಈ ಕಡೆ ಬರಲಿಲ್ಲ. ಕೊಂಡೆ. ಮೂರು ಎಂಬತ್ತಕ್ಕೆ. ವೈರಿಂಗ್ ಬದಲಿಸಿದ ಬಿಲ್ ಇತ್ತು, ಗಣಿ ಅಣ್ಣನಿಗೆ ದೊಡ್ಡ ನಮಸ್ಕಾರ. ಹೆಂಡತಿ ಇನ್ನೂ ಮಾತಾಡುತ್ತಿಲ್ಲ, ಆದರೆ ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆ ಮಾತ್ರ ಮಾಡಿದಳು.

ಮೊನ್ನೆ ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಹೊರಗೆ ಬಂದು ಒಂದು ಸುತ್ತು ಹಾಕಿದರು. ಟೈರಿಗೆ ಕಾಲಲ್ಲಿ ಒದ್ದು ನೋಡಿದರು, ಲಾರಿಗೆ ಹಾಗೇ ತಾನೇ ನೋಡುವುದು. ಬಾನೆಟ್ ಮೇಲಿನ ನಕ್ಷತ್ರವನ್ನು ಲುಂಗಿ ತುದಿಯಿಂದ ಒರೆಸಿದರು. ಏನೂ ಮಾತಾಡಲಿಲ್ಲ. ಆಮೇಲೆ ಸ್ಟೇರಿಂಗ್ ಮುಂದೆ ಕೂತು ಹ್ಯಾಂಡ್ ಬ್ರೇಕ್ ಹುಡುಕಿದರು. ಇದರಲ್ಲಿ ಅದು ಕಾಲಿಗೆ, ಬಿಡಿಸಲು ಡ್ಯಾಶ್‌ಬೋರ್ಡ್ ಹತ್ತಿರ ಹಿಡಿ ಎಳೆಯಬೇಕು. ತೋರಿಸಿದೆ. ಊರ ಹೊರಗಿನವರೆಗೆ ಓಡಿಸಿದರು, 74 ವರ್ಷ ಅವರಿಗೆ, ಒಂದು ಸಲವೂ ಗೇರ್ ಕಿರುಗುಟ್ಟಲಿಲ್ಲ. ವಾಪಸ್ ಬರುವಾಗ ಮಳೆ ಬಂತು. ವೈಪರ್ ಹಾಕಿದೆ. ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿಬಿಟ್ಟರು.

"ಲೇ, ಮೂರು ಎಂಬತ್ತು ಕೊಟ್ಟು ಒಂದೇ ವೈಪರ್ ಇರೋ ಗಾಡಿ ತಂದೀಯೇನೋ? ನನ್ನ ಬೆಂಜಿಗೆ ಎಲ್ಡು ಇದ್ವು!"

ಹಳೇಗಾಡಿ_ಹುಚ್ಚ

ಅಪ್ಪನಿಗೆ ಹೇಳಿ, ಆ ಒಂದೇ ವೈಪರ್ ಮೂಲೆಗೆ ಹೋಗುವಾಗ ಉದ್ದವಾಗುತ್ತದೆ, ಗಾಜಿನ ನೂರಕ್ಕೆ 86 ಭಾಗ ಒರೆಸುತ್ತದೆ. ಎರಡಿರುವ ಗಾಡಿಗಳೂ ಅಷ್ಟು ಒರೆಸುವುದು ಕಷ್ಟ.

ದಾವಣಗೆರೆ_ಹುಡುಗ

ಹೇಳಿದೆ. "ಉಳಿದ 14 ಯಾರು ಒರೆಸಬೇಕು, ಕ್ಲೀನರ್ರಾ?" ಅಂದರು.